ನೂರಕ್ಕೆ ನಲವತ್ತು

ಗಾಜಿನ ಡಬ್ಬಿಯೊಳಗೆ ಕೂತು
ಅರ್ಧ ಗಂಟೆ ನಾನು, ಅರ್ಧ ಗಂಟೆ ಜೆರ್ಮಾನು,
ಕಿವಿಯಲ್ಲಿ ಇಂಗ್ಲಿಷು, ಬಾಯಲ್ಲಿ ಪೋರ್ಚುಗೀಸು.
ಎರಡು ನಾಲಿಗೆಯವಳು ಅಂದರೆ ಬೇರೆ ಕಡೆ ಬೈಗುಳ;
ಲಿಸ್ಬನ್ನಿನ ಈ ಮೂರನೇ ಮಹಡಿಯಲ್ಲಿ ಅದಕ್ಕೇ ಸಂಬಳ.

ಕೆಳಗೆ ಉದ್ದ ಮೇಜು, ಯಾರೂ ಮುಟ್ಟದ ನೀರಿನ ಬಾಟಲಿ.
ಒಂದು ಬ್ಯಾಂಕು ಸತ್ತಿದೆ. ಊರಿಗಿನ್ನೂ ಹೇಳಿಲ್ಲ.

ಲಂಡನ್ನಿನಿಂದ ಬಂದವನು 'ಕ್ರ್ಯಾಶ್' ಅಂದ.
ಒಂದೇ ಉಸಿರು: ನಡುರಾತ್ರಿ ಪಾತ್ರೆ ಕಪಾಟು ಬಿದ್ದಂತೆ,
ಎದ್ದು ದೀಪ ಹಾಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.
ನಾನು 'ಕೆಬ್ರಾ' ಅಂದೆ. ನಮ್ಮದು ನಿಧಾನ.
ಮೊದಲು ಕೂದಲೆಳೆ ಬಿರುಕು, ಆಮೇಲೆ ಬಟ್ಟಲ ಅಂಚು,
ಕಡೆಗೊಂದು ದಿನ ಸಾರು ಸೋರಿ ಮೇಜುಬಟ್ಟೆ ನೆನೆದಾಗ
ಅಯ್ಯೋ, ಇದು ಯಾವಾಗ ಒಡೆಯಿತು ಅನ್ನುವುದು.

ಅವನು 'ಬಬಲ್' ಅಂದ. ಮಕ್ಕಳು ಊದುವ ಸೋಪಿನ ಗುಳ್ಳೆ,
ಮೈಮೇಲೆ ಕಾಮನಬಿಲ್ಲು, ಒಡೆದರೂ ಯಾರಿಗೂ ನೋವಿಲ್ಲ.
'ಬೋಲ್ಯಾ' ಅಂದರೆ ಅದೂ ಹೌದು, ಹಿಮ್ಮಡಿಯ ಬೊಕ್ಕೆಯೂ ಹೌದು,
ಸಾಲ ಮಾಡಿ ಕೊಂಡ ಜೋಡು ಕಚ್ಚಿದ್ದು.
ನೋವು ಶುರುವಾಗುವುದೇ ಒಡೆದ ಮೇಲೆ.

ದೀವಿದಾ ಸಾಲ. ದೂವಿದಾ ಅನುಮಾನ.
ನಡುವೆ ಒಂದೇ ಸ್ವರದ ಗೋಡೆ.
ದಣಿದ ನಾಲಿಗೆ ಒಮ್ಮೆ ಹಾರಿ ಆ ಕಡೆ ಬಿತ್ತು,
'ದೇಶದ ಅನುಮಾನ ಇಷ್ಟು ಸಾವಿರ ಕೋಟಿ' ಅಂದುಬಿಟ್ಟೆ.
ಯಾರೂ ತಲೆಯೆತ್ತಲಿಲ್ಲ. ಜೆರ್ಮಾನು ಮಾತ್ರ
ಮೈಕಿಗೆ ಕೈ ಅಡ್ಡ ಹಿಡಿದು,
ಈ ವಾರ ನೀನು ಆಡಿದ ಒಂದೇ ನಿಜ, ಅಂದ.

ಆಮೇಲೆ ಲಂಡನ್ನಿನವನು, ಕನ್ನಡಕ ಒರೆಸುತ್ತ,
'ಈ ಕಾಗದಗಳಿಗೆ ನಲವತ್ತು ಪರ್ಸೆಂಟ್ ಹೇರ್‌ಕಟ್.'

ಹೇರ್‌ಕಟ್.
ಸೆತುಬಾಲ್ ಬಂದರಿನ ಹಿಂದಿನ ಗಲ್ಲಿ,
ಕೆಂಪು ರೆಕ್ಸಿನ್ನಿನ ಕುರ್ಚಿ, ಅಪ್ಪ ಜೆಫೆರೀನು.
ಐವತ್ತೊಂದು ವರ್ಷ ಮೀನುಗಾರರ ತಲೆ.
ಉಪ್ಪು ಹತ್ತಿದ ಕೂದಲಿಗೆ ಕತ್ತರಿ ಬೇಗ ಮೊಂಡಾಗುತ್ತದೆ,
ಅವನಿಗೆ ಗೊತ್ತಿದ್ದ ಅರ್ಥಶಾಸ್ತ್ರ ಅಷ್ಟೇ.
ಒಂದೊಂದು ತಲೆಯ ಕಾಸೂ ಕೂಡಿಸಿ ಕೊಂಡದ್ದು
ಇದೇ ಬ್ಯಾಂಕಿನ ಇವೇ ಕಾಗದ.
ಬಡ್ಡಿ ಚೆನ್ನಾಗಿತ್ತಂತೆ. ಬಡ್ಡಿಗೆ ನಮ್ಮಲ್ಲಿ 'ಜೂರು'.
ಆಣೆ ಮಾಡಿ ಹೇಳುತ್ತೇನೆ ಅನ್ನುವುದಕ್ಕೂ ಅದೇ, ಜೂರು.
ಕೌಂಟರಿನ ಹುಡುಗ ಯಾವುದನ್ನು ಹೇಳಿದನೋ,
ಅಪ್ಪ ಎರಡನ್ನೂ ನಂಬಿದ.

'ಕೊರ್ತ್' ಅಂದೆ. ಮೈಕಿನ ಕೆಂಪು ದೀಪ ಮಿಟುಕಲಿಲ್ಲ.
ಒಳಗೆ ಕೇಳಿದ್ದನ್ನು ಹೊರಗೆ ಆಡುವುದಿಲ್ಲವೆಂದು
ನಾನೂ ಬಲಗೈ ಎತ್ತಿದವಳು. ಜೂರು.

ಭಾನುವಾರ. ಅಂಗಡಿಗೆ ಅರ್ಧ ಬಾಗಿಲು.
ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ಬಾಚಣಿಗೆ ನೀರಿಗದ್ದಿ
ಎಷ್ಟು ತೆಗೆಯಲಿ ಅಂದ.
ಯಾವತ್ತೂ ಬೆರಳಗಲ ಅನ್ನುತ್ತಿದ್ದವಳು
ಕಿವಿಯ ಪಕ್ಕ ಕೈ ಇಟ್ಟು ತೋರಿದೆ.
'ಅಷ್ಟೊಂದಾ?'
ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ಬಂದು ನಿಂತಿತು.
ನೂರಕ್ಕೆ ನಲವತ್ತು, ಅಂದೆ.
ಇಷ್ಟಕ್ಕೆ ಆಣೆ ಮುರಿಯಿತೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ಕತ್ತರಿ ನಡೆಯಿತು, ಎಂದಿಗಿಂತ ನಿಧಾನ.
ನೆಲಕ್ಕೆ ಬಿದ್ದದ್ದನ್ನು ಗುಡಿಸುತ್ತ ಕೂದಲು ಮತ್ತೆ ಬರುತ್ತೆ ಅಂದ.
ಬರುತ್ತದಾ ಎಂದು ಕೇಳಿದ ಹಾಗಿತ್ತು.

ಬುಧವಾರ ಸುದ್ದಿ ಹೊರಬಿತ್ತು.
ಬ್ಯಾಂಕಿನ ಮುಂದೆ ಜನ ಸೇರಿದರೆ ಇಂಗ್ಲಿಷಿನಲ್ಲಿ ಓಟ,
ಪೋರ್ಚುಗೀಸಿನಲ್ಲೂ ಓಟ. ಎರಡೂ ಭಾಷೆ ಒಪ್ಪಿದ್ದು ಅಲ್ಲೊಂದೇ ಕಡೆ,
ಅಲ್ಲೂ ತಪ್ಪು. ಯಾರೂ ಓಡುತ್ತಿರಲಿಲ್ಲ.
ನಿಂತಿದ್ದರು.
ತಲೆ ಬೋಳಿಸಿಬಿಟ್ಟರಲ್ಲೋ ಅಂದ ದೋಣಿಯ ಬಲ್ತಜಾರ,
ಅಂದವನು ಪಕ್ಕದಲ್ಲಿ ಯಾರೆಂದು ನೋಡಿ ನಾಲಿಗೆ ಕಚ್ಚಿಕೊಂಡ.
ಅಪ್ಪ ನಗಲಿಲ್ಲ, ಸಿಟ್ಟಾಗಲಿಲ್ಲ.
ಮುಂದೆ ನಿಂತವರ ಕುತ್ತಿಗೆಗಳನ್ನು ನೋಡುತ್ತಿದ್ದ, ಒಂದೊಂದಾಗಿ,
ಬೀದಿಯ ತಿರುವಿನವರೆಗೂ.
ಎಲ್ಲ ಅವನೇ ಕತ್ತರಿಸಿದ್ದು.